ಅರ್ಜಿ ಹಾಕೋಕೆ 1,600 ರೂಪಾಯಿ, ಕೆಡವೋಕೆ ಎಷ್ಟು?

ಬೆಳಗಾವಿಯಲ್ಲಿ ಈಗ ಇಂಜಿನಿಯರಿಂಗ್ ಹುಡುಗರನ್ನು ಮಾತಾಡಿಸಿದರೆ ಸಾಕು, ಒಂದು ಪೇಟೆಂಟ್ ಸುದ್ದಿ ಬರುತ್ತದೆ. ಹಾಜರಾತಿ ಆ್ಯಪ್‌ಗೆ ಪೇಟೆಂಟ್, ಮುಖ ನೋಡಿ ಗೇಟು ತೆಗೆಯೋದಕ್ಕೆ ಪೇಟೆಂಟ್, ಹೊಲದ ತೇವ ಅಳೆದು ಮೊಬೈಲ್‌ಗೆ ಮೆಸೇಜ್ ಕಳಿಸೋದಕ್ಕೆ ಪೇಟೆಂಟ್. ಕೆದಕಿ ಕೇಳಿದರೆ ಬಹಳಷ್ಟು ಬರೀ ಅರ್ಜಿಗಳು. ಆನ್‌ಲೈನ್‌ನಲ್ಲಿ ಅರ್ಜಿ ಹಾಕೋಕೆ ಒಬ್ಬ ವ್ಯಕ್ತಿಗೆ 1,600 ರೂಪಾಯಿ ಸಾಕು. ಮೇಲೆ 2,500 ಕಟ್ಟಿದರೆ 18 ತಿಂಗಳು ಕಾಯೋದು ತಪ್ಪುತ್ತದೆ, ಬೇಗ ಪ್ರಕಟ ಮಾಡುತ್ತಾರೆ. ಪ್ರಕಟವಾಯಿತು ಅಂದರೆ ಸಿಕ್ಕಿತು ಅಂತಲ್ಲ. ಅದನ್ನು ಪರೀಕ್ಷೆ ಮಾಡೋದು ಇನ್ನೂ ಬಾಕಿ ಇರುತ್ತದೆ. ಆದರೂ ಫ್ಲೆಕ್ಸ್ ಏರುತ್ತದೆ, ಕಾಲೇಜಿನ ಲೆಕ್ಕಕ್ಕೆ ಒಂದು ಜಮೆ ಆಗುತ್ತದೆ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ರಾಶಿಯಲ್ಲಿ ಕೆಲವು ಪರೀಕ್ಷಕರ ಕಣ್ಣು ತಪ್ಪಿಸಿ ನುಸುಳುತ್ತವೆ. 2023-24ರಲ್ಲಿ ನಮ್ಮ ಪೇಟೆಂಟ್ ಕಚೇರಿ ಒಂದೇ ವರ್ಷದಲ್ಲಿ ಲಕ್ಷಕ್ಕೂ ಜಾಸ್ತಿ ಪೇಟೆಂಟ್ ಕೊಟ್ಟಿದೆ. ಒಮ್ಮೆ ಕೊಟ್ಟರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅದನ್ನು ಬಳಸದಂತೆ ತಡೆಯೋ ಹಕ್ಕು. ನಾನು ಉದ್ಯಮಬಾಗದ ಫೌಂಡ್ರಿಗಳಿಗೆ ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು. ನಾಳೆ ಯಾರೋ ಬಂದು ‘ತೂಕದ ಕಾಂಟಾದಿಂದ ನೇರ ಬಿಲ್ಲಿಗೆ ಅಂಕಿ ತರೋದು ನಮ್ಮ ಪೇಟೆಂಟ್’ ಅಂದರೆ ನಾನೇನು ಮಾಡಬೇಕು?

ಅಮೆರಿಕದಲ್ಲಿ ಏನಾಯಿತು ನೋಡಿ. ಒಂದೇ ಕ್ಲಿಕ್ಕಿನಲ್ಲಿ ಆರ್ಡರ್ ಮಾಡೋದಕ್ಕೆ 1999ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್‌ಗೆ ಪೇಟೆಂಟ್ ಸಿಕ್ಕಿತು. ವಿಳಾಸ, ಕಾರ್ಡ್ ನಂಬರ್ ಮೊದಲೇ ಉಳಿಸಿಟ್ಟುಕೊಂಡು, ಬಟನ್ ಒತ್ತಿದ ಕೂಡಲೇ ಆರ್ಡರ್. ಅಷ್ಟೇ! ಕ್ರಿಸ್‌ಮಸ್ ವ್ಯಾಪಾರದ ಹೊತ್ತಿಗೆ ಎದುರಾಳಿ ಪುಸ್ತಕ ಕಂಪನಿ ಬಾರ್ನ್ಸ್ ಆ್ಯಂಡ್ ನೋಬಲ್ ಮೇಲೆ ಕೋರ್ಟಿನಿಂದ ತಡೆಯಾಜ್ಞೆ ತಂದರು. ಆಪಲ್ 2000ದಲ್ಲಿ ಲೈಸೆನ್ಸ್ ತಗೊಂಡಿತು. ಕೊನೆಗೆ ಇದನ್ನು ಕೆಣಕಿದ್ದು ದೊಡ್ಡ ಕಂಪನಿಯಲ್ಲ, ನ್ಯೂಜಿಲೆಂಡ್‌ನ ಪೀಟರ್ ಕಾಲ್ವ್‌ಲೀ ಅನ್ನೋ ಒಬ್ಬ ನಟ. ಆರ್ಡರ್ ಮಾಡಿದ ಪುಸ್ತಕ ತಡವಾಗಿ ಬಂತು ಅನ್ನೋ ಸಿಟ್ಟು ಬೇರೆ ಇತ್ತಂತೆ. ನಮ್ಮಲ್ಲಿ ಗಣಪತಿಗೆ ಪಟ್ಟಿ ಎತ್ತುವ ಹಾಗೆ ಜನರಿಂದ ದುಡ್ಡು ಕೂಡಿಸಿ 2006ರಲ್ಲಿ ಮರುಪರೀಕ್ಷೆಗೆ ಅರ್ಜಿ ಹಾಕಿದರು. 2007ರಲ್ಲಿ ಪೇಟೆಂಟ್ ಕಚೇರಿ ಹೆಚ್ಚಿನ ಕ್ಲೇಮುಗಳನ್ನು, ಅಂದರೆ ‘ಇದು ನಮ್ಮದು’ ಅಂತ ಪೇಟೆಂಟ್‌ನಲ್ಲಿ ಬರೆದುಕೊಂಡ ಅಂಶಗಳನ್ನು, ತಿರಸ್ಕರಿಸಿತು. ಗೆದ್ದರು ಅನಿಸುತ್ತೆ, ಅಲ್ವಾ? ಇಲ್ಲ. ಅಮೆಜಾನ್ ಕ್ಲೇಮಿಗೆ ‘ಶಾಪಿಂಗ್ ಕಾರ್ಟ್’ ಸೇರಿಸಿ ಸ್ವಲ್ಪ ತಿದ್ದಿತು, 2010ರಲ್ಲಿ ಪೇಟೆಂಟ್ ಮತ್ತೆ ಗಟ್ಟಿಯಾಯಿತು. 2017ರಲ್ಲಿ ಅವಧಿ ಮುಗಿದಾಗಲೇ ಅದು ಹೋಗಿದ್ದು.

ಇನ್ನೊಂದು, ಪಾಡ್‌ಕಾಸ್ಟ್ ಕತೆ. ಪರ್ಸನಲ್ ಆಡಿಯೋ ಅನ್ನೋ ಕಂಪನಿ, ಕಂತು ಕಂತಾಗಿ ಆಡಿಯೋ ಹಾಕೋದು ನಮ್ಮ ಪೇಟೆಂಟ್ ಅಂತ ಪಾಡ್‌ಕಾಸ್ಟ್ ಮಾಡೋರ ಬೆನ್ನು ಹತ್ತಿತು. ಇಂಟರ್ನೆಟ್ ಬಳಸೋರ ಹಕ್ಕುಗಳಿಗೆ ಹೋರಾಡೋ ಇಎಫ್‌ಎಫ್ ಸಂಸ್ಥೆ 2013ರಲ್ಲಿ ಅದನ್ನು ಪ್ರಶ್ನಿಸಿತು. ಸಿಎನ್‌ಎನ್, ಕೆನಡಾದ ಸಿಬಿಸಿ ಮೊದಲೇ ಇಂಟರ್ನೆಟ್‌ನಲ್ಲಿ ಕಂತುಗಳನ್ನು ಹಾಕುತ್ತಿದ್ದವು ಅಂತ ದಾಖಲೆ ತೋರಿಸಿತು. 2015ರಲ್ಲಿ ಗೆಲುವು, ಮೇಲ್ಮನವಿಯಲ್ಲಿ 2017ಕ್ಕೆ ಮತ್ತೆ ಗೆಲುವು. ವಕೀಲರ ದಂಡೇ ಇರೋ ಸಂಸ್ಥೆಗೆ ಒಂದು ಪೇಟೆಂಟ್ ಕೆಡವೋಕೆ ಸುಮಾರು ನಾಲ್ಕು ವರ್ಷ ಬೇಕಾಯಿತು. ಹಾಗಾಗಿ ಸಣ್ಣವರು ಜಗಳಕ್ಕೇ ಹೋಗಲ್ಲ, ಕೇಳಿದಷ್ಟು ಕೊಟ್ಟು ಸುಮ್ನಾಗುತ್ತಾರೆ. ಕೆಡವೋ ಖರ್ಚು ಒಬ್ಬನ ತಲೆ ಮೇಲೆ, ಲಾಭ ಮಾತ್ರ ಎಲ್ಲರಿಗೂ.

ಹಾಗಾದರೆ ಕಾನೂನನ್ನೇ ಬದಲಿಸಬಹುದಲ್ಲ? ಅಲ್ಲೇ ಇರೋದು ಗಂಟು. 2013ರಲ್ಲಿ ಅಮೆರಿಕದ ಕೆಳಮನೆ ಇಂಥ ಪೇಟೆಂಟ್ ಮೊಕದ್ದಮೆಗಳ ಕಾಟಕ್ಕೆ ಕಡಿವಾಣ ಹಾಕೋ ಇನೊವೇಷನ್ ಆ್ಯಕ್ಟ್ ಅನ್ನೋ ಮಸೂದೆಯನ್ನು 325–91 ಮತಗಳಲ್ಲಿ ಪಾಸು ಮಾಡಿತು. ಅಷ್ಟು ದೊಡ್ಡ ಬಹುಮತ! ಮೇಲ್ಮನೆಯಲ್ಲಿ 2014ರ ಮೇ ಹೊತ್ತಿಗೆ ಅದೇ ಪ್ರಯತ್ನ ಮೂಲೆ ಸೇರಿತು. ಔಷಧಿ ಕಂಪನಿಗೆ ಒಂದು ಮಾತ್ರೆಯ ಹಿಂದೆ ಬೆರಳೆಣಿಕೆಯ ಪೇಟೆಂಟ್ ಇರುತ್ತವೆ, ಅದೇ ಅವರ ಜೀವ, ಆದ್ದರಿಂದ ಪೇಟೆಂಟ್ ಹಕ್ಕನ್ನು ಚೂರು ಸಡಿಲಿಸಿದರೂ ಅವರು ಬಿಡಲ್ಲ. ಅವರ ಜೊತೆ ವಿಶ್ವವಿದ್ಯಾಲಯಗಳು, ಮೊಕದ್ದಮೆ ವಕೀಲರು. ಮಾತ್ರೆಗೂ ಕ್ಲಿಕ್ಕಿಗೂ ಒಂದೇ ಕಾನೂನು ಇಟ್ಟರೆ ಆಗೋದು ಇದೇ. ಅದೇ ವರ್ಷ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಲಿಸ್ ಪ್ರಕರಣದಲ್ಲಿ, ಹಳೇ ವ್ಯವಹಾರ ಪದ್ಧತಿಯನ್ನು ಮಾಮೂಲಿ ಕಂಪ್ಯೂಟರ್‌ನಲ್ಲಿ ಮಾಡಿದ ಮಾತ್ರಕ್ಕೆ ಪೇಟೆಂಟ್ ಸಿಗಲ್ಲ ಅಂದಿತು. ಸಂಸತ್ತು ಮಾಡದ ಕೆಲಸವನ್ನು ಕೋರ್ಟು ಒಂದಿಷ್ಟು ಮಾಡಿತು. ಈಗ ಅದನ್ನೂ ತಿರುಗಿಸೋಕೆ ಮಸೂದೆಗಳು ಬರುತ್ತಿವೆ.

ನಮ್ಮ ಕಾನೂನು ಮೇಲ್ನೋಟಕ್ಕೆ ಪರವಾಗಿಲ್ಲ. ಪೇಟೆಂಟ್ ಕಾಯ್ದೆಯ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ, ವ್ಯವಹಾರ ಪದ್ಧತಿಗಳಿಗೆ ಪೇಟೆಂಟ್ ಇಲ್ಲ. 2004ರ ಕೊನೆಗೆ ಸುಗ್ರೀವಾಜ್ಞೆ ತಂದು ಇದನ್ನು ಸಡಿಲಿಸಿದ್ದರು, 2005ರಲ್ಲಿ ಸಂಸತ್ತು ಒಪ್ಪಲಿಲ್ಲ. ಹತ್ತು ವರ್ಷದ ನಂತರ ಅದೇ ಸರಕು ಹಿಂಬಾಗಿಲಿನಿಂದ ಬಂತು. 2015ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿ ಬಾಗಿಲು ಅಗಲ ಮಾಡಿತ್ತು. ವಿರೋಧ ಬಂದ ಮೇಲೆ ಡಿಸೆಂಬರ್‌ನಲ್ಲಿ ತಡೆಹಿಡಿದರು, 2016ರಲ್ಲಿ ಬಿಗಿ ಮಾಡಿದರು, 2017ರಲ್ಲಿ ಮತ್ತೆ ಬದಲಿಸಿದರು. ಕಾಯ್ದೆಯ ಅಕ್ಷರ ಹಾಗೇ ಇದೆ, ಓದೋ ರೀತಿ ಮಾತ್ರ ಬದಲಾಗುತ್ತಾ ಇರುತ್ತದೆ.

ನಮ್ಮಲ್ಲಿ ಒಂದು ಒಳ್ಳೇ ದಾರಿ ಇದೆ. ಪೇಟೆಂಟ್ ಕೊಡೋ ಮೊದಲೇ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. 2024ರ ಮಾರ್ಚ್‌ವರೆಗೆ ಅದಕ್ಕೆ ಶುಲ್ಕ ಇರಲಿಲ್ಲ, ಈಗ ಇದೆ. ಸುಳ್ಳು ವಿರೋಧ ತಡೆಯೋಕೆ ಅಂತಾರೆ. ನನ್ನ ಕೇಳಿದರೆ, ಪುಕ್ಕಟೆ ಕಾವಲು ಕಾಯೋರ ಹತ್ತಿರ ಬಾಡಿಗೆ ಕೇಳೋದು ಸರಿಯಲ್ಲ.

ವಿರೋಧಕ್ಕೆ ಬೇಕಾಗಿದ್ದು ತಾರೀಖು ಇರೋ ದಾಖಲೆ. ಭಾರತದಲ್ಲಿ ಮೊದಲೇ ಬಹಿರಂಗವಾಗಿ ಬಳಕೆಯಲ್ಲಿತ್ತು ಅನ್ನೋದೂ ಒಂದು ಕಾರಣವೇ. ಉದ್ಯಮಬಾಗದಲ್ಲಿ ಎಷ್ಟೋ ವರ್ಷದಿಂದ ಫಾಕ್ಸ್‌ಪ್ರೊ ಅನ್ನೋ ಹಳೇ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂಗಳಲ್ಲಿ ಇವತ್ತಿನ ‘ಹೊಸ ಆವಿಷ್ಕಾರ’ಗಳು ಬೇಕಾದಷ್ಟು ಸಿಗುತ್ತವೆ. ಬರೆದವರು ನಿವೃತ್ತರಾಗುತ್ತಿದ್ದಾರೆ, ಕಂಪ್ಯೂಟರ್‌ಗಳು ಗುಜರಿಗೆ ಹೋಗುತ್ತಿವೆ. ಹಳೇ ಮ್ಯಾನ್ಯುಯಲ್, ಕೊಟೇಶನ್, ತಾರೀಖು ಕಾಣುವ ಸ್ಕ್ರೀನ್ ಪ್ರಿಂಟ್ ಇದ್ದವರು ಎಸೆಯಬೇಡಿ. ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಎಲ್ಲಾದರೂ ಹಾಕಿ. ನನ್ನ ಹತ್ತಿರ ಇರೋದನ್ನು ಹಾಕೋಕೆ ಶುರು ಮಾಡಿದ್ದೇನೆ.