ನಲವತ್ತು ಸೆಕೆಂಡಿನ ವಿಡಿಯೊ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್ ಆಗಿ ದುಡಿದವನು ನಾನು. ಕಟಿಂಗ್ ಎಂದರೆ ನಿಂತೇ ಮಾಡುವ ಕೆಲಸ. ಉದ್ದನೆಯ ಟೇಬಲ್ಲಿನ ಮೇಲೆ ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಗುರುತು ಹಾಕಿ, ಕರೆಂಟಿನ ಕಟಿಂಗ್ ಮಷಿನ್ ತಳ್ಳುತ್ತಾ ಟೇಬಲ್ ಸುತ್ತ ಬರಬೇಕು. ಸೊಂಟ ಬಗ್ಗಿರುತ್ತದೆ, ಮೈಭಾರವೆಲ್ಲ ಕಾಲಿನ ಮೇಲೆ. ಕೈ ಸ್ವಲ್ಪ ಅತ್ತಿತ್ತ ಸರಿದರೂ ಕೆಳಗಿನ ಪದರಗಳೆಲ್ಲ ಹಾಳು. ಕುಡತಿನಿ ಕಡೆಯಿಂದ ಬೈಕಿನಲ್ಲಿ ಬರುವಾಗ ಲಾರಿ ಗುದ್ದಿ, ಬಲ ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು. ಈಗ ಒಳಗೆ ರಾಡ್ ಇದೆ. ಅರ್ಧ ಗಂಟೆ ನಿಂತರೆ ಪಾದ ಊದಿಕೊಳ್ಳುತ್ತದೆ. ಕೈಯ ಕಸುಬು ಹಾಗೆಯೇ ಇದೆ, ಅದಕ್ಕೆ ಆಸರೆಯಾಗಿ ನಿಲ್ಲುವ ಕಾಲು ಇಲ್ಲ.

ಲಾರಿಗೆ ವಿಮೆ ಇತ್ತು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರಕ್ಕೆ ಅರ್ಜಿ ಹಾಕಿದೆವು. ವೈದ್ಯರು ಕಾಲಿಗೆ ಶೇ 36, ಇಡೀ ದೇಹಕ್ಕೆ ಶೇ 12ರಷ್ಟು ಶಾಶ್ವತ ಅಂಗವೈಕಲ್ಯ ಎಂದು ಬರೆದುಕೊಟ್ಟರು. ಆ 12 ನೋಡಿ ನನ್ನ ಹೆಂಡತಿ ಬಿಕ್ಕಿ ಅತ್ತಳು. ನಮ್ಮ ವಕೀಲರು ಸಮಾಧಾನ ಮಾಡಿ, ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ವಿವರಿಸಿದರು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿದೀತು. ಆದ್ದರಿಂದ ವೈದ್ಯರು ಬರೆದ ಅಂಕಿಯೇ ಕೊನೆಯಲ್ಲ, ಗಾಯದಿಂದ ಅವನವನ ಗಳಿಕೆಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನೋಡಬೇಕು. ನನಗಾಗ 38 ವರ್ಷ. ಆ ವಯಸ್ಸಿಗೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪ್ರಕಾರ ಗುಣಕ, ಅಂದರೆ ವರ್ಷದ ಗಳಿಕೆಯನ್ನು ಗುಣಿಸಬೇಕಾದ ಸಂಖ್ಯೆ, 15. ತಿಂಗಳಿಗೆ 15 ಸಾವಿರ ಗಳಿಕೆ ಎಂದು ಹಿಡಿದರೆ ವರ್ಷಕ್ಕೆ 1.8 ಲಕ್ಷ, 15ರಿಂದ ಗುಣಿಸಿದರೆ 27 ಲಕ್ಷ. ಅದರಲ್ಲಿ ಶೇ 12 ಎಂದರೆ 3.24 ಲಕ್ಷ, ದುಡಿಮೆ ಶೇ 40ರಷ್ಟು ಹೋಯಿತೆಂದು ನ್ಯಾಯಮಂಡಳಿ ಒಪ್ಪಿದರೆ 10.8 ಲಕ್ಷ. ವಿಮಾ ಕಂಪನಿಗೆ ನನ್ನ ಕಾಲಿನ ಮೇಲೆ ಅಷ್ಟೊಂದು ಆಸಕ್ತಿ ಏಕೆ ಎಂಬುದು ಈ ಲೆಕ್ಕದಲ್ಲಿದೆ.

ಒಂದು ಮಧ್ಯಾಹ್ನ ಒಬ್ಬರು ಮನೆಗೆ ಬಂದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚೀಲ. "ಮಾಸ್ತರ್ ಮನೆ ಇದೇ ಅಲ್ಲವೇ? ಹುಬ್ಬಳ್ಳಿಯಲ್ಲಿ ಅಂಗಡಿ ಹಾಕುತ್ತಿದ್ದೇನೆ. ಜಾಬ್ ವರ್ಕ್ ಕೊಡಬೇಕು, ನಿಮ್ಮ ಕೈ ಚೆನ್ನಾಗಿದೆ ಎಂದು ಕೇಳಿದ್ದೇನೆ" ಎಂದರು. ಕೆಲಸವಿಲ್ಲದೆ ಕೂತವನಿಗೆ ಅಂಥ ಮಾತು ಕೇಳಿದರೆ ಏನಾಗುತ್ತದೆ ಎಂಬುದು ಕೂತವನಿಗೇ ಗೊತ್ತು. ಒಳಗೆ ಕರೆದು ಕೂರಿಸಿದೆ. ಹೆಂಡತಿ ಚಹಾ ಮಾಡಿದಳು. ಮಗಳು ಗೋಡೆಗೆ ಒರಗಿ ಶಾಲೆಯ ಲೆಕ್ಕ ಮಾಡುತ್ತಿದ್ದಳು. "ಯಾವ ಶಾಲೆ ಪುಟ್ಟಿ? ಅಪ್ಪ ದಿನಾಲೂ ಬಿಡಲು ಬರುತ್ತಾರಾ?" ಎಂದು ಕೇಳಿದರು. ನಾನು ನಿಲ್ಲಲಾರೆ, ಕೂತು ಮಾಡುವ ಕೆಲಸವಿದ್ದರೆ ಕೊಡಿ ಎಂದೆ. ಅವರು ಚೀಲದಿಂದ ಬಟ್ಟೆಯ ಸಣ್ಣ ಸುರುಳಿಯೊಂದನ್ನು ತೆಗೆದು ಕುರ್ಚಿಯ ಮೇಲಿಟ್ಟು, "ಇದನ್ನು ಆ ಟೇಬಲ್ ಮೇಲೆ ಹಾಸಿ, ಅಳತೆ ಹೇಗೆ ತೆಗೆಯುತ್ತೀರಿ ತೋರಿಸಿ" ಎಂದರು. ಎದ್ದು, ಸುರುಳಿ ಎತ್ತಿ, ಹಾಸಿ, ಬಗ್ಗಿ ಎರಡು ಗೆರೆ ಎಳೆದೆ. ಮೊಬೈಲ್ ಅವರ ಅಂಗಿ ಜೇಬಿನಲ್ಲಿತ್ತು, ಕ್ಯಾಮೆರಾ ಹೊರಗೆ ಇಣುಕುವಷ್ಟು ಮೇಲೆ. ಆಮೇಲೆ ನಾನು ಗೋಡೆ ಹಿಡಿದು ಕೂತೆ. ಹೆಂಡತಿ ಕಾಲಿನ ಕೆಳಗೆ ದಿಂಬು ಇಟ್ಟಳು. ಅವರು ಫೋನ್ ಮಾಡುತ್ತೇನೆ ಎಂದು ಹೇಳಿ ಹೋದರು. ಫೋನ್ ಬರಲಿಲ್ಲ. ಅವರು ಆ ದಿನ ಓಣಿಯ ಕಿರಾಣಿ ಅಂಗಡಿಯಲ್ಲಿ ನಾನು ಕುಡಿಯುತ್ತೇನೆಯೇ ಎಂದೂ ವಿಚಾರಿಸಿದ್ದರು ಎಂಬುದು ನಂತರ ತಿಳಿಯಿತು.

ಕೋರ್ಟಿನಲ್ಲಿ ಕಂಪನಿಯ ಅಧಿಕಾರಿಯೊಬ್ಬರು ಸಾಕ್ಷಿ ಹೇಳುವ ದಿನ ಆ ವಿಡಿಯೊ ಲ್ಯಾಪ್‌ಟಾಪಿನಲ್ಲಿ ಓಡಿತು. ನಾನು ಏಳುತ್ತೇನೆ, ಸುರುಳಿ ಎತ್ತುತ್ತೇನೆ, ಬಗ್ಗುತ್ತೇನೆ. ನಲವತ್ತು ಸೆಕೆಂಡು. ಗೋಡೆ ಹಿಡಿದದ್ದು ಇಲ್ಲ, ದಿಂಬು ಇಲ್ಲ. ಆದರೆ ಒಂದು ಮೂಲೆಯಲ್ಲಿ ಲೆಕ್ಕದ ಪುಸ್ತಕ ಹಿಡಿದ ನನ್ನ ಮಗಳು ಇದ್ದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅಡುಗೆ ಮನೆಯಿಂದ ಬರುವ ನನ್ನ ಹೆಂಡತಿ ಇದ್ದಳು. ಬೇರೆ ಬೇರೆ ಕೇಸಿಗೆ ಬಂದ ಅಪರಿಚಿತರೂ ಕತ್ತು ಚಾಚಿ ನೋಡಿದರು. ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳು ತಲೆ ಎತ್ತಲೇ ಇಲ್ಲ.

ನಮ್ಮ ವಕೀಲರ ಪಾಟೀ ಸವಾಲು ಚಿಕ್ಕದು. ತೆಗೆದವರು ಯಾರು? ನಮ್ಮ ತನಿಖೆದಾರರು. ಅವರನ್ನು ಸಾಕ್ಷಿಯಾಗಿ ಕರೆಸುತ್ತೀರಾ? ಉತ್ತರವಿಲ್ಲ. ಪೂರ್ತಿ ಚಿತ್ರೀಕರಣ ಎಲ್ಲಿ? ನನಗೆ ಕೊಟ್ಟದ್ದು ಇಷ್ಟೇ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ವಿಡಿಯೊದ ಜತೆ ಪ್ರಮಾಣಪತ್ರ ಇರಬೇಕು: ಯಾವ ಸಾಧನದಲ್ಲಿ ತೆಗೆದದ್ದು, ಕಡತದ ಹ್ಯಾಶ್ ಮೌಲ್ಯ (ಕಡತವನ್ನು ತಿದ್ದಿದರೆ ಬದಲಾಗಿಬಿಡುವ ಗುರುತಿನ ಸಂಕೇತ) ಏನು ಎಂಬ ವಿವರದೊಂದಿಗೆ. ಅದೂ ಇರಲಿಲ್ಲ. ಪರಿಹಾರ ನ್ಯಾಯಮಂಡಳಿಯಲ್ಲಿ ವಿಚಾರಣೆ ಸಂಕ್ಷಿಪ್ತ ರೀತಿಯದು, ಸಾಕ್ಷ್ಯದ ಕಟ್ಟುಪಾಡು ಅಲ್ಲಿ ಅಷ್ಟು ಬಿಗಿಯಲ್ಲ. ಆದರೂ ಎದುರು ನಿಂತು ಉತ್ತರಿಸುವ ಮನುಷ್ಯನೇ ಇಲ್ಲದ ವಿಡಿಯೊವನ್ನು ಹೇಗೆ ನಂಬುವುದು?

ಕಂಪನಿ ಪರಿಶೀಲನೆಯನ್ನೇ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಸುಳ್ಳು ಅಪಘಾತದ ಕೇಸುಗಳಿವೆ. ಉತ್ತರ ಪ್ರದೇಶದಲ್ಲಿ ಅವುಗಳ ತನಿಖೆಗೆ ಅಲ್ಲಿನ ಹೈಕೋರ್ಟ್ 2015ರಲ್ಲಿ ವಿಶೇಷ ತಂಡವನ್ನೇ ರಚಿಸುವಂತೆ ಆದೇಶಿಸಿತು. ನನ್ನನ್ನು ಇನ್ನೊಬ್ಬ ವೈದ್ಯರಿಂದ ಪರೀಕ್ಷಿಸಲಿ. ನಾನು ದುಡಿದ ಘಟಕದ ಮಾಲೀಕರನ್ನು ಕೇಳಲಿ. ಕನಕ ದುರ್ಗಮ್ಮನ ಸಿಡಿಬಂಡಿ ಉತ್ಸವದ ಜನಜಂಗುಳಿಯಲ್ಲಿ ನಾನು ನಿಂತದ್ದನ್ನು ಚಿತ್ರೀಕರಿಸಿದ್ದರೂ ನನ್ನ ತಕರಾರು ಇರುತ್ತಿರಲಿಲ್ಲ, ಅದು ಊರೆಲ್ಲ ನೋಡುವ ಜಾಗ. ಆದರೆ ಕೆಲಸ ಕೊಡುತ್ತೇನೆಂದು ಸುಳ್ಳು ಹೇಳಿ ಹೊಸ್ತಿಲು ದಾಟುವುದು, ಮಗುವಿನ ಬಾಯಿಂದ ಸಾಕ್ಷ್ಯ ತೆಗೆಯಲು ನೋಡುವುದು, ಬೇಡವಾದ ಭಾಗ ಬಿಟ್ಟು ಬೇಕಾದಷ್ಟನ್ನೇ ತೋರಿಸುವುದು ಪರಿಶೀಲನೆಯಲ್ಲ, ವಂಚನೆ. ನಾನು ಆ ಕಂಪನಿಯ ಗ್ರಾಹಕನೂ ಅಲ್ಲ. ಪಾಲಿಸಿ ಲಾರಿ ಮಾಲೀಕರದು. ನಾನು ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದವನಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂದು ತಿಳಿದಾಗ ಹೆಮ್ಮೆಯಾಯಿತು. ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಖಾಸಗಿ ಕಂಪನಿ ಕಳಿಸಿದ ವ್ಯಕ್ತಿಯ ಎದುರು ಅದನ್ನು ಹಿಡಿದು ನಿಲ್ಲುವುದು ಅಷ್ಟು ಸಲೀಸಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕಿದೆ. ಅದೇ ಕಾಯ್ದೆಯ 17ನೇ ಕಲಂ, ಕಾನೂನಿನ ಹಕ್ಕು ಅಥವಾ ಕ್ಲೇಮು ಸಾಧಿಸಲು ಮಾಹಿತಿ ಅಗತ್ಯವಿದ್ದರೆ ವಿನಾಯಿತಿಯನ್ನೂ ಕೊಡುತ್ತದೆ. ಕ್ಲೇಮಿಗೆ ನನ್ನ ಕಾಲು ಅಗತ್ಯ ಎಂದೇ ಇಟ್ಟುಕೊಳ್ಳೋಣ. ನನ್ನ ಮಗಳ ಮುಖ ಯಾವ ಅಗತ್ಯ?

ತೀರ್ಪು ಬಂತು. ಚಿತ್ರೀಕರಿಸಿದವರನ್ನು ವಿಚಾರಣೆಗೆ ಹಾಜರುಪಡಿಸದ ಕಾರಣ ಆ ವಿಡಿಯೊವನ್ನು ಪರಿಗಣಿಸಲಾಗದು ಎಂದು ಒಂದು ಸಾಲಿನಲ್ಲಿ ಬರೆದಿತ್ತು. ಗಳಿಕೆಯ ನಷ್ಟವನ್ನು ವೈದ್ಯರ ಅಂಕಿಗಿಂತ ಹೆಚ್ಚು ಹಿಡಿದರು, ನಾವು ಕೇಳಿದಷ್ಟು ಅಲ್ಲ. ಅದರಿಂದ ಸಾಲ ತೀರಿತು. ಈಗ ಎತ್ತರದ ಸ್ಟೂಲಿನ ಮೇಲೆ ಕೂತು ಮಾದರಿ ಪ್ಯಾಂಟಿನ ಅಳತೆ ತೆಗೆದುಕೊಡುತ್ತೇನೆ.

ಆ ವಿಡಿಯೊ ಮಾತ್ರ ಎಲ್ಲಿದೆಯೋ ತಿಳಿಯದು. ತೆಗೆದವರ ಮೊಬೈಲಿನಲ್ಲಿದೆಯೇ, ಕಂಪನಿಯ ಕಂಪ್ಯೂಟರಿನಲ್ಲಿದೆಯೇ, ನಡುವೆ ಎಷ್ಟು ಜನರ ವಾಟ್ಸ್‌ಆ್ಯಪ್ ದಾಟಿದೆ? ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದೆ. ಕ್ಲೇಮಿನ ಪರಿಶೀಲನೆಗಾಗಿ ಸಂಗ್ರಹಿಸಿದ ಸಾಮಗ್ರಿ ಎಂದಷ್ಟೇ ಉತ್ತರ ಬಂತು. ಹೆಂಡತಿ ಆ ಉತ್ತರವನ್ನು ಓದಿ, "ಈ ಸಲ ನನ್ನ ಹೆಸರಿನಲ್ಲಿ ಬರೆಯಿರಿ. ಕ್ಲೇಮು ಹಾಕಿದವರು ನೀವು, ನಾನಲ್ಲ, ಮಗಳೂ ಅಲ್ಲ" ಎಂದಳು. ಪ್ರತಿಗಳು ಯಾರ ಯಾರ ಬಳಿ ಇವೆ, ಯಾವಾಗ ಅಳಿಸುತ್ತೀರಿ, ಅಳಿಸಿದ್ದೇವೆಂದು ಬರಹದಲ್ಲಿ ಯಾರು ಕೊಡುತ್ತೀರಿ ಎಂದು ಕೇಳಿದ ಆ ಪತ್ರಕ್ಕೆ ಅವಳೇ ಸಹಿ ಮಾಡಿ, ಕಳೆದ ವಾರ ಅಂಚೆಗೆ ಹಾಕಿ ಬಂದಿದ್ದಾಳೆ.