ಓದುವವರ ಹಕ್ಕು

2017ರ ಏಪ್ರಿಲ್‌ನಲ್ಲಿ ಟರ್ಕಿ ಸರ್ಕಾರ ಇಡೀ ವಿಕಿಪೀಡಿಯವನ್ನೇ ಬ್ಲಾಕ್ ಮಾಡಿತ್ತು. ಅದಕ್ಕೆ ಸಿಟ್ಟು ತರಿಸಿದ್ದು ಕೆಲವೇ ಲೇಖನಗಳು. ಆದರೆ ಈಗ ಹೆಚ್ಚಿನ ಜಾಲತಾಣಗಳು ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಕಳಿಸುವ ಮಾಹಿತಿಯನ್ನು ನಡುವಿನವರು ಓದಲಾಗದಂತೆ ಗುಪ್ತಲಿಪಿಗೆ ಬದಲಿಸುವ ವಿಧಾನದಲ್ಲಿ, ನಡೆಯುತ್ತವೆ. ನೀವು ಓದುತ್ತಿರುವುದು ಯಾವ ಪುಟ ಅನ್ನೋದು ಇಂಟರ್ನೆಟ್ ಕೊಡುವ ಕಂಪನಿಗೆ ಕಾಣುವುದಿಲ್ಲ. ಹಾಗಾಗಿ ಆ ಕಂಪನಿಗಳ ಮೂಲಕ ಒಂದು ಪುಟ ತಡೆಯಬೇಕೆಂದರೆ ಇಡೀ ತಾಣವನ್ನೇ ತಡೆಯಬೇಕು. ಗಣಿತದ ಸೂತ್ರ ಹುಡುಕುವ ಹುಡುಗಿಗೂ, ತನ್ನ ಕಾಯಿಲೆ ಬಗ್ಗೆ ತಿಳಿಯಬೇಕೆನ್ನುವ ಅಜ್ಜನಿಗೂ ಬಾಗಿಲು ಬಂದ್. ಅದು ಮತ್ತೆ ತೆರೆದದ್ದು 2020ರ ಜನವರಿಯಲ್ಲಿ, ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ ಮೇಲೆ. ಹತ್ತಿರಹತ್ತಿರ ಮೂರು ವರ್ಷ!

ವಾಕ್ ಸ್ವಾತಂತ್ರ್ಯ ಅಂದಾಗ ನಾವು ಮಾತಾಡುವವರ ಬಗ್ಗೆಯೇ ಜಾಸ್ತಿ ಯೋಚಿಸುತ್ತೇವೆ, ಅಲ್ವಾ? 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೇ ವಿಧಿಯಲ್ಲಿ ಮಾಹಿತಿ ಹುಡುಕುವ, ಪಡೆಯುವ ಹಕ್ಕೂ ಇದೆ. ಅಂದರೆ ಸುಮ್ನೆ ಓದುತ್ತಾ ಕೂತವರದ್ದೂ ಹಕ್ಕೇ.

ಕೆಲವನ್ನು ತಡೆಯಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೋ ಯಾರ ಸ್ವಾತಂತ್ರ್ಯವೂ ಅಲ್ಲ. ಆದರೆ ಏನನ್ನು ತೆಗೆದರು, ಯಾಕೆ, ಯಾರ ಆದೇಶದ ಮೇಲೆ ಅಂತ ಜನರಿಗೆ ಹೇಳಬೇಕು. ಅದನ್ನು ಪ್ರಶ್ನಿಸಲು ದಾರಿ ಇರಬೇಕು. ವಿಕಿಪೀಡಿಯ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಯಾರೋ ಒಬ್ಬರು ಬರೆದ ನಾಲ್ಕು ಸಾಲು ಗುಟ್ಟಾಗಿ ಮಾಯವಾದರೆ, ಅಲ್ಲಿ ಅಂಥದ್ದೊಂದು ಇತ್ತು ಅನ್ನೋದೇ ನಮಗೆ ತಿಳಿಯುವುದಿಲ್ಲ. ನನಗೆ ಜಾಸ್ತಿ ಭಯ ಇದರದ್ದೇ.