ಅಪ್ಪ ನೆಟ್ಟ ಮೆಣಸಿನ ಬಳ್ಳಿ ಮತ್ತು ಯುರೋಪು

ಬೆಳಿಗ್ಗೆ ಕಣದಲ್ಲಿ ರೋಬಸ್ಟಾ ಚೆರ್ರಿ ತಿರುವಿ ಹಾಕುತ್ತಿದ್ದೆ. ಪಕ್ಕದ ತೋಟದ ಅಣ್ಣ ಬಂದು, "ಹಡಗು ಈಗ ಯಾವ ದಾರೀಲಿ ಹೋಗ್ತಿದೆಯಂತೆ?" ಅಂದರು. ನಮ್ಮ ದೇಶದ ಕಾಫಿ ಜಾಸ್ತಿ ಹೋಗುವುದು ಇಟಲಿಗೆ ಅಲ್ವಾ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರ ದಾಳಿ ಶುರುವಾದ ಮೇಲೆ ಎಷ್ಟೋ ಹಡಗು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಬಾಡಿಗೆ ಏರಿತು. ಆಗ 2024ರ ಫೆಬ್ರವರಿಯಲ್ಲಿ ಐರೋಪ್ಯ ಒಕ್ಕೂಟ ಅಮೆರಿಕದ ಕಾವಲಿನ ಜೊತೆಗೆ ತನ್ನದೇ ಬೇರೆ ಯುದ್ಧನೌಕೆಗಳನ್ನು 'ಆಸ್ಪಿಡೆಸ್' ಹೆಸರಲ್ಲಿ ಕಳಿಸಿತು. ಯುರೋಪು ಸ್ವಂತ ಕಾಲ ಮೇಲೆ ನಿಲ್ಲುತ್ತದಾ ಅಂತ ನಾನು ಗಮನಿಸತೊಡಗಿದ್ದು ಅಲ್ಲಿಂದ.

ಮಾತೇನೋ ಹಳೆಯದು. ಬಿಸಿ ತಟ್ಟಿದ್ದು ಮಾತ್ರ 2022ರಲ್ಲಿ, ರಷ್ಯಾ ಉಕ್ರೇನಿಗೆ ನುಗ್ಗಿದಾಗ. ಹಿಂದಿನ ವರ್ಷ ಯುರೋಪಿನವರು ಹೊರಗಿನಿಂದ ತರಿಸಿದ ಗ್ಯಾಸಿನಲ್ಲಿ ಶೇ 40ಕ್ಕೂ ಜಾಸ್ತಿ ರಷ್ಯಾದ್ದೇ. ಅದನ್ನು ಬಿಡುತ್ತಾ ಬಂದರು, ಆದರೆ ಹಡಗಿನಲ್ಲಿ ಬರುವ ಗ್ಯಾಸಿಗೆ ಈಗ ಅಮೆರಿಕವೇ ದೊಡ್ಡ ಮೂಲ.

ಒಬ್ಬರನ್ನೇ ನಂಬಿ ಕೂರುವ ಈ ಸಂಕಟ ನಮ್ಮ ಮನೆಗೆ ಗೊತ್ತು. ಅಪ್ಪನ ಕಾಲದಲ್ಲಿ ಕಾಫಿಯೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ ಹೋಗುತ್ತಿತ್ತು, ಅಲ್ಲಿಂದ ದೊಡ್ಡ ಪಾಲು ರೂಪಾಯಿ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ. 1991ರಲ್ಲಿ ಆ ದೇಶವೇ ಇಲ್ಲವಾಯ್ತು. ಅಪ್ಪ ಆ ಸಲ ತೋಟಕ್ಕೆ ಗೊಬ್ಬರ ಹಾಕಲಿಲ್ಲ. ಮಳೆ ಹಿಡಿದ ಮೇಲೆ ಸಿಲ್ವರ್ ಓಕ್ ಮರಗಳ ಬುಡದಲ್ಲಿ ಕರಿಮೆಣಸಿನ ಬಳ್ಳಿ ನೆಟ್ಟು, ಬಾಳೆನಾರಿನಲ್ಲಿ ಒಂದೊಂದನ್ನೂ ಕಾಂಡಕ್ಕೆ ಕಟ್ಟಿದರು, ನಾನು ನಾರು ಹಿಡಿದು ನಿಂತಿದ್ದೆ. ಕೈಗೆ ಫಸಲು ಸಿಗಲು ನಾಲ್ಕು ವರ್ಷ ಬೇಕಾಯ್ತು.

ಯುರೋಪಿಗೂ ಹಾಗೇ ಆಗಿದೆ. ಒಂದು ವರ್ಷದಲ್ಲಿ 10 ಲಕ್ಷ ಫಿರಂಗಿ ಶೆಲ್ ಕೊಡುತ್ತೇವೆ ಅಂತ 2023ರ ಮಾರ್ಚ್‌ನಲ್ಲಿ ಉಕ್ರೇನಿಗೆ ಮಾತು ಕೊಟ್ಟರು, ಗಡುವಿಗೆ ಅರ್ಧದಷ್ಟು ಕೊಡುವಷ್ಟರಲ್ಲಿ ಸಾಕಾಯ್ತು. ಕಾರ್ಖಾನೆ ಇಲ್ಲದೆ ಶೆಲ್ ಎಲ್ಲಿಂದ ಬರಬೇಕು? 2025ರ ಮಾರ್ಚ್‌ನಲ್ಲಿ ರಕ್ಷಣೆಗೆ 80,000 ಕೋಟಿ ಯೂರೋವರೆಗೆ ಹೊಂದಿಸುವ ಯೋಜನೆ ಮುಂದಿಟ್ಟರು. ಒಳ್ಳೆಯದೇ, ತಡವಾದರೂ.

ನನ್ನ ಚಿಂತೆ ದುಡ್ಡಿನದ್ದಲ್ಲ. ವಿದೇಶಾಂಗ ವಿಷಯಕ್ಕೂ ದೀರ್ಘಾವಧಿ ಬಜೆಟ್‌ಗೂ ಒಕ್ಕೂಟದ 27 ದೇಶಗಳೂ ಹೂಂ ಅನ್ನಬೇಕು. ಹಂಗೇರಿ ಒಂದೇ ಅಡ್ಡ ನಿಂತು, 2023ರ ಡಿಸೆಂಬರ್‌ನಲ್ಲಿ ಉಕ್ರೇನಿನ 5,000 ಕೋಟಿ ಯೂರೋ ನೆರವನ್ನು ಫೆಬ್ರವರಿವರೆಗೆ ನಿಲ್ಲಿಸಿತ್ತು. ನಮ್ಮೂರ ಸಹಕಾರ ಸಂಘದಲ್ಲಿ ಬಹುಮತಕ್ಕೆ ಬೆಲೆ ಇದೆ. ಎಲ್ಲರೂ ಹೂಂ ಅನ್ನಲೇಬೇಕೆಂಬ ತಮ್ಮ ನಿಯಮವನ್ನು ಯುರೋಪಿನವರು ಮೊದಲು ಬದಲಾಯಿಸಲಿ.